ಚಳಿಗೆ ಸ್ಟಾರ್ಟ್ ಆಗದ ವಾಹನ: ಜಂಪ್ ಸ್ಟಾರ್ಟರ್ ಆಯ್ಕೆ ಹೇಗೆ?

ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ. ಆಗ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದ ವಾಹನವನ್ನು ಇಳಿಜಾರಿನಲ್ಲಿ ಉರುಳಿಸಿ ಗೇರ್ ಹಾಕುವವರಿದ್ದಾರೆ. ಆದರೆ ಎಂಜಿನ್ ಆಫ್ ಆಗಿದ್ದರೆ ಬ್ರೇಕ್, ಪವರ್ ಸ್ಟೀರಿಂಗ್ ಎರಡೂ ಬಿಗಿಯಾಗುತ್ತವೆ. 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಾಟಿಯಂಥ ರಸ್ತೆಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಇದಕ್ಕಿಂತ ಜಂಪ್ ಸ್ಟಾರ್ಟರ್ ಒಯ್ಯುವುದು ಲೇಸು. ಆದರೆ ಬೆಲೆಗಿಂತ ಮೊದಲು ನಿಮ್ಮ ಎಂಜಿನ್ ನೋಡಿ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯ ಒತ್ತಡ ಹೆಚ್ಚು. ಅದನ್ನು ತಿರುಗಿಸಲು ಹೆಚ್ಚು ಕರೆಂಟ್ ಬೇಕು.

* 1.2 ಲೀಟರ್‌ವರೆಗಿನ ಪೆಟ್ರೋಲ್ ಕಾರು: ಪೀಕ್ 400ರಿಂದ 600 ಆಂಪಿಯರ್
* 1.5ರಿಂದ 2 ಲೀಟರ್ ಡೀಸೆಲ್: ಸುಮಾರು 1,000 ಆಂಪಿಯರ್
* 2.5 ಲೀಟರ್ ಡೀಸೆಲ್ ಜೀಪು: 1,500 ಅಥವಾ ಹೆಚ್ಚು
* ಬಸ್, ಲಾರಿ: ಇವುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್, 12 ವೋಲ್ಟ್ ಸಾಧನ ನಡೆಯದು

ಪೀಕ್ ಎಂದರೆ ಕ್ಷಣಕಾಲದ ಶಕ್ತಿ ಮಾತ್ರ. ಆದ್ದರಿಂದ ಗುಡ್ಡಗಾಡಿನವರು ಒಂದು ಮೆಟ್ಟಿಲು ಮೇಲಿನದನ್ನೇ ಕೊಳ್ಳುವುದು ಒಳ್ಳೆಯದು.

ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಅಥವಾ ಸಾಧನದ ಕೈಪಿಡಿ ಹೇಳಿದ ಕಡೆ ಹಾಕಿ. ಐದು ಸೆಕೆಂಡಿಗಿಂತ ಹೆಚ್ಚು ಕೀ ತಿರುಗಿಸಬೇಡಿ. ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಊಟಿಯಲ್ಲಿ ಉಳಿದರೆ ಸಾಧನವನ್ನು ರಾತ್ರಿ ಕೋಣೆಯೊಳಗೇ ಇಡಿ. ಕಾರಿನಲ್ಲಿ ಬಿಟ್ಟರೆ ಚಳಿಗೆ ಅದೂ ಸೋಲುತ್ತದೆ.