ಗೆರೆಯೊಳಗಿನ ಯುದ್ಧಗಳು

ಅಣುಬಾಂಬ್ ಇಟ್ಟುಕೊಂಡವನು ಗಡಿ ದಾಟಿ ಬಂದರೆ ಎದುರಿಗಿರುವವನು ಏನು ಮಾಡಬೇಕು? ಸುಮ್ಮನಿದ್ದರೆ ಇವತ್ತು ಒಂದು ಬೆಟ್ಟ ಹೋಗುತ್ತದೆ, ನಾಳೆ ಒಂದು ಜಿಲ್ಲೆ. ಇದ್ದ ಬಲವನ್ನೆಲ್ಲ ಸುರಿದು ಹೊಡೆದರೆ ಬೆಟ್ಟ ಉಳಿಸಿಕೊಳ್ಳಲು ಹೋಗಿ ನಗರಗಳನ್ನೇ ಕಳೆದುಕೊಳ್ಳಬೇಕಾದೀತು. ಈ ಇಕ್ಕಟ್ಟಿನ ಬಗ್ಗೆ ಎಂಟು ದಶಕಗಳಿಂದ ಪುಸ್ತಕಗಳು ಬರುತ್ತಿವೆ, ಸೇನಾ ಕಾಲೇಜುಗಳಲ್ಲಿ ಪಾಠಗಳು ನಡೆಯುತ್ತಿವೆ. ಆದರೂ ಈ ವಿದ್ಯೆಯನ್ನು ಬೆಳೆಸಿದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಬಿಕ್ಕಟ್ಟುಗಳು. ಚಿಂತಕರು ಬಹುಪಾಲು ಹಿಂದಿನಿಂದ ಓಡಿಬಂದು ನಡೆದದ್ದಕ್ಕೆ ಹೆಸರಿಟ್ಟವರು.

1946ರಲ್ಲಿ ಅಮೆರಿಕದ ಚಿಂತಕ ಬರ್ನಾರ್ಡ್ ಬ್ರೋಡಿ ಒಂದು ಮಾತು ಹೇಳಿದ: ಇಲ್ಲಿಯವರೆಗೆ ಸೈನ್ಯದ ಕೆಲಸ ಯುದ್ಧ ಗೆಲ್ಲುವುದಾಗಿತ್ತು, ಇನ್ನು ಮುಂದೆ ಯುದ್ಧವಾಗದಂತೆ ನೋಡಿಕೊಳ್ಳುವುದು. ಮಾತು ಸರಿಯಾಗಿಯೇ ಇತ್ತು. ಆದರೆ ಯುದ್ಧ ಶುರುವಾಗಿಬಿಟ್ಟರೆ ಏನು ಮಾಡಬೇಕೆಂಬುದು ಅದರಲ್ಲಿ ಇರಲಿಲ್ಲ. ನಾಲ್ಕೇ ವರ್ಷದಲ್ಲಿ ಕೊರಿಯಾ ಯುದ್ಧ ಆ ಪ್ರಶ್ನೆಯನ್ನು ತಂದಿಟ್ಟಿತು. ಸೋವಿಯತ್ ಒಕ್ಕೂಟ 1949ರ ಆಗಸ್ಟ್‌ನಲ್ಲಿ ತನ್ನ ಮೊದಲ ಬಾಂಬ್ ಸಿಡಿಸಿತ್ತು. 1950ರ ನವೆಂಬರ್‌ನಿಂದ ಅದರ ಪೈಲಟ್‌ಗಳು ಮಂಚೂರಿಯಾದ ನೆಲೆಗಳಿಂದ ಮಿಗ್-15 ವಿಮಾನಗಳನ್ನು ಹಾರಿಸಿ ಅಮೆರಿಕದ ವಿಮಾನಗಳ ಜೊತೆ ನೇರವಾಗಿ ಕಾದಾಡಿದರು. ವಿಮಾನಗಳ ಮೇಲಿದ್ದದ್ದು ಚೀನಾ, ಉತ್ತರ ಕೊರಿಯಾಗಳ ಗುರುತು. ಸಿಕ್ಕಿಬೀಳಬಾರದೆಂದು ಅವರು ರಣರೇಖೆಯ ಹತ್ತಿರವಾಗಲಿ ಸಮುದ್ರದ ಮೇಲಾಗಲಿ ಹಾರುವಂತಿರಲಿಲ್ಲ. ಎದುರಿಗಿರುವವರು ಯಾರೆಂದು ವಾಷಿಂಗ್ಟನ್‌ಗೆ ಗೊತ್ತಿತ್ತು. ಗೊತ್ತಿದ್ದೂ ಅದು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮಾಸ್ಕೋ ಮೇಲೆ ಯುದ್ಧ ಸಾರಿ ಎಂದು ಜನರೇ ಬೀದಿಗಿಳಿಯುತ್ತಿದ್ದರು. ಪರಸ್ಪರ ಮುಗಿಬಿದ್ದಿದ್ದ ಎರಡು ಶತ್ರುಗಳು ಒಂದೇ ಗುಟ್ಟನ್ನು ಒಟ್ಟಿಗೆ ಕಾಪಾಡಿದ ಈ ವಿಚಿತ್ರವನ್ನು ವಿದ್ವಾಂಸ ಆಸ್ಟಿನ್ ಕಾರ್ಸನ್ 2018ರ ತನ್ನ ಪುಸ್ತಕದಲ್ಲಿ ವಿವರವಾಗಿ ಬಿಡಿಸಿಟ್ಟಿದ್ದಾನೆ. ಯುದ್ಧವನ್ನು ಚೀನಾಕ್ಕೆ ಒಯ್ಯಬೇಕೆಂದು ಹಟ ಹಿಡಿದ ಜನರಲ್ ಮ್ಯಾಕ್‌ಆರ್ಥರ್‌ನನ್ನು ಅಧ್ಯಕ್ಷ ಟ್ರೂಮನ್ 1951ರ ಏಪ್ರಿಲ್‌ನಲ್ಲಿ ಮನೆಗೆ ಕಳಿಸಿದ.

ಆ ಯುದ್ಧ ಮುಗಿಯುವಾಗ ಕೊನೆಯ ಗಂಟಾಗಿ ಉಳಿದದ್ದು ತಮ್ಮ ದೇಶಕ್ಕೆ ಮರಳಲು ಒಪ್ಪದ ಸುಮಾರು 23 ಸಾವಿರ ಕೈದಿಗಳ ಪ್ರಶ್ನೆ. ಅದನ್ನು ಬಿಡಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಯುದ್ಧ ಹರಡದಂತೆ ತಡೆಯುವುದರಲ್ಲಿ ಎರಡೂ ಕಡೆಯವರು ಮುಖ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಮಾಡಿಕೊಡುವ ಮೂರನೆಯವರ ಪಾಲು ದೊಡ್ಡದು. ಸಿದ್ಧಾಂತದ ಪುಸ್ತಕಗಳು ಅದಕ್ಕೆ ಕೊಟ್ಟಿರುವ ಜಾಗ ಮಾತ್ರ ತೀರಾ ಕಡಿಮೆ.

ಕೊರಿಯಾದಿಂದ ಅಮೆರಿಕ ತಪ್ಪು ಪಾಠ ಕಲಿಯಿತು. ಎಲ್ಲಿ ಏನೇ ಆದರೂ ನಮಗೆ ಬೇಕಾದ ಜಾಗದಲ್ಲಿ, ಬೇಕಾದ ರೀತಿಯಲ್ಲಿ ಭಾರಿ ಪ್ರತೀಕಾರ ಎಂದು ವಿದೇಶಾಂಗ ಕಾರ್ಯದರ್ಶಿ ಡಲೆಸ್ 1954ರ ಜನವರಿಯಲ್ಲಿ ಸಾರಿದ. 1956ರ ನವೆಂಬರ್‌ನಲ್ಲಿ ಸೋವಿಯತ್ ಟ್ಯಾಂಕ್‌ಗಳು ಬುಡಾಪೆಸ್ಟ್‌ಗೆ ನುಗ್ಗಿದಾಗ ಆ ಘೋಷಣೆಯ ಟೊಳ್ಳು ಹೊರಬಿತ್ತು. ಒಂದು ನಗರದ ಬಂಡಾಯಕ್ಕಾಗಿ ಪ್ರಪಂಚವನ್ನೇ ಸುಡಲು ಯಾರೂ ತಯಾರಿರಲಿಲ್ಲ, ಅದು ಮಾಸ್ಕೋಗೂ ಗೊತ್ತಿತ್ತು.

ಆಮೇಲಿನ ಹತ್ತು ವರ್ಷ ಈ ಶಾಸ್ತ್ರದ ಸುಗ್ಗಿ. ಎರಡು ದಾರಿಗಳು ಆಗ ಕವಲೊಡೆದವು. ರ‍್ಯಾಂಡ್ ಸಂಸ್ಥೆಯಿಂದ ಬಂದ ಹರ್ಮನ್ ಕಾನ್ 1965ರ ಪುಸ್ತಕದಲ್ಲಿ ಬಿಕ್ಕಟ್ಟನ್ನು 44 ಮೆಟ್ಟಿಲುಗಳ ಏಣಿಯಾಗಿ ಜೋಡಿಸಿಟ್ಟ. ಪ್ರತಿ ಮೆಟ್ಟಿಲಲ್ಲೂ ನಮ್ಮ ಕೈ ಮೇಲಿದ್ದರೆ ಶತ್ರು ತಾನಾಗಿಯೇ ಇಳಿಯುತ್ತಾನೆ ಎಂಬ ಲೆಕ್ಕ. ಥಾಮಸ್ ಶೆಲ್ಲಿಂಗ್ ಅರ್ಥಶಾಸ್ತ್ರಜ್ಞ, ಅವನ ದಾರಿ ಬೇರೆ. ಯುದ್ಧ ನಿಲ್ಲುವುದು ಬಲ ಮುಗಿದಲ್ಲಲ್ಲ, ಇಬ್ಬರ ಕಣ್ಣಿಗೂ ಒಂದೇ ರೀತಿ ಕಾಣುವ ಗೆರೆಯಲ್ಲಿ ಎಂದ ಅವನು. ನದಿ, ಗಡಿ, ಅಣ್ವಸ್ತ್ರ ಬಳಸುವುದಕ್ಕೂ ಬಳಸದಿರುವುದಕ್ಕೂ ನಡುವಿನ ಅಂತರ, ಇವೇ ಆ ಗೆರೆಗಳು. ಅವುಗಳನ್ನು ಯಾರೂ ಕೂತು ಮಾತಾಡಿ ಎಳೆದದ್ದಲ್ಲ. ‘ಸ್ವಲ್ಪ ದಾಟಿದೆ’ ಎನ್ನಲು ಅಲ್ಲಿ ಅವಕಾಶವಿಲ್ಲ, ಅದೇ ಅವುಗಳ ಬಲ. ಕಾನ್‌ನ ಏಣಿ ಓದಲು ಮಜವಾಗಿದೆ. ಆದರೆ ಆಮೇಲೆ ನಡೆದ ಬಿಕ್ಕಟ್ಟುಗಳನ್ನು ಒಂದೊಂದಾಗಿ ನೋಡಿದರೆ ಶೆಲ್ಲಿಂಗ್ ಹೇಳಿದ್ದೇ ಹೆಚ್ಚು ನಿಜವಾಗಿದೆ.

ಶೆಲ್ಲಿಂಗ್‌ನ ಇನ್ನೊಂದು ಮಾತು ಸಿಹಿಯಾದದ್ದಲ್ಲ. ಬಿಕ್ಕಟ್ಟು ಯಾರ ಹಿಡಿತಕ್ಕೂ ಸಿಗದೆ ಜಾರಬಹುದು, ಆ ಅಪಾಯವೇ ಒಂದು ಆಯುಧ ಎಂದ. 1962ರ ಕ್ಯೂಬಾ ಇದರ ಪಕ್ಕಾ ಉದಾಹರಣೆ. ಅಧ್ಯಕ್ಷ ಕೆನಡಿ ಅಲ್ಲಿನ ಸೋವಿಯತ್ ಕ್ಷಿಪಣಿ ನೆಲೆಗಳ ಮೇಲೆ ಬಾಂಬ್ ಹಾಕಲಿಲ್ಲ, ಹಡಗುಗಳನ್ನು ತಡೆದ. ತಡೆ ದಾಟಬೇಕೋ ಬೇಡವೋ ಎಂಬ ತೀರ್ಮಾನದ ಭಾರ ಸೋವಿಯತ್ ನಾಯಕ ಕ್ರುಶ್ಚೇವ್ ತಲೆಗೆ ಹೋಯಿತು. ಅಕ್ಟೋಬರ್ 27ರಂದು ಅಮೆರಿಕದ ಯು-2 ಬೇಹು ವಿಮಾನ ಹೊಡೆತಕ್ಕೆ ಸಿಕ್ಕು ಬಿದ್ದು ಪೈಲಟ್ ಸತ್ತ. ಹೀಗಾದರೆ ತಿರುಗಿ ಹೊಡೆಯುವುದೆಂದು ನಾಲ್ಕು ದಿನ ಮೊದಲೇ ತೀರ್ಮಾನವಾಗಿತ್ತು. ಆದರೂ ಕೆನಡಿ ಕೈ ಕಟ್ಟಿ ಕುಳಿತ. ಅದೇ ರಾತ್ರಿ ಅವನ ತಮ್ಮ ಸೋವಿಯತ್ ರಾಯಭಾರಿಗೆ ಟರ್ಕಿಯಲ್ಲಿದ್ದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವ ಭರವಸೆ ಕೊಟ್ಟ, ಹೊರಗೆ ಹೇಳಬಾರದೆಂಬ ಷರತ್ತಿನ ಮೇಲೆ. ವರ್ಷಗಳವರೆಗೆ ಅಮೆರಿಕನ್ನರು ತಮ್ಮ ಅಧ್ಯಕ್ಷನ ದೃಢತೆಯಿಂದ ಗೆದ್ದೆವೆಂದೇ ನಂಬಿದ್ದರು. ಗುಟ್ಟಿನ ಕೊಡುಕೊಳ್ಳುವಿಕೆ ತಿಳಿಯುವಷ್ಟರಲ್ಲಿ ಒಂದು ಪೀಳಿಗೆ ತಪ್ಪು ಪಾಠ ಓದಿ ಮುಗಿಸಿತ್ತು. ಕ್ಯೂಬಾದ ನೇರ ಫಲವೆಂದರೆ 1963ರ ಜೂನ್‌ನಲ್ಲಿ ವಾಷಿಂಗ್ಟನ್, ಮಾಸ್ಕೋಗಳ ನಡುವೆ ಒಪ್ಪಂದವಾದ ಹಾಟ್‌ಲೈನ್. ಅದು ಫೋನ್ ಆಗಿರಲಿಲ್ಲ, ಟೆಲಿಪ್ರಿಂಟರ್.

1965ರಲ್ಲಿ ವಿದ್ವಾಂಸ ಗ್ಲೆನ್ ಸ್ನೈಡರ್ ಗುರುತಿಸಿದ ವಿರೋಧಾಭಾಸ ನಮಗೆ ಹೆಚ್ಚು ಹತ್ತಿರದ್ದು. ಮೇಲ್ಮಟ್ಟದಲ್ಲಿ ಅಣ್ವಸ್ತ್ರ ಭಯ ಗಟ್ಟಿಯಾದಷ್ಟೂ ಕೆಳಮಟ್ಟದಲ್ಲಿ ಸಣ್ಣ ದಾಳಿಗೆ ಧೈರ್ಯ ಹೆಚ್ಚುತ್ತದೆ. ದೊಡ್ಡ ಯುದ್ಧಕ್ಕೆ ಎದುರಾಳಿ ಹೇಗೂ ಹೆದರುತ್ತಾನಲ್ಲ! 1969ರ ಮಾರ್ಚ್‌ನಲ್ಲಿ ಉಸ್ಸುರಿ ನದಿಯ ದ್ವೀಪವೊಂದಕ್ಕಾಗಿ ಚೀನಾ, ಸೋವಿಯತ್ ಸೈನಿಕರು ಕಾದಾಡಿದಾಗ ಎರಡೂ ಕಡೆ ಅಣ್ವಸ್ತ್ರಗಳಿದ್ದವು. ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಕೊಸಿಗಿನ್ ಮತ್ತು ಚೌ ಎನ್‌ಲಾಯ್ ಬೀಜಿಂಗ್ ವಿಮಾನ ನಿಲ್ದಾಣದಲ್ಲಿ ಕೂತು ಅದನ್ನು ತಣ್ಣಗಾಗಿಸಿದರು. ಸೋವಿಯತ್ ಸೇನೆ ನುಗ್ಗಿದ ಅಫ್ಘಾನಿಸ್ತಾನದಲ್ಲಿ ಅಮೆರಿಕ ಕೊರಿಯಾದ ಪಾಠವನ್ನು ತಿರುವಿಹಾಕಿತು. ತನ್ನ ಸೈನಿಕರನ್ನು ಕಳಿಸದೆ, ಗೋಧಿ ಮಾರಾಟ ತಡೆದು, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿ, ಪಾಕಿಸ್ತಾನದ ಮೂಲಕ ಆಯುಧ ಒದಗಿಸಿತು. 1986ರಲ್ಲಿ ಸ್ಟಿಂಗರ್ ಕ್ಷಿಪಣಿಗಳು ಬರುವವರೆಗೂ ಆಯುಧಗಳ ಮೇಲೆ ಅಮೆರಿಕದ ಗುರುತು ಇರದಂತೆ ಎಚ್ಚರ ವಹಿಸಿತು. ಸೋವಿಯತ್ ಸೇನೆ 1989ರ ಫೆಬ್ರುವರಿಯಲ್ಲಿ ಹೊರಟಿತು. ಆ ಗೆಲುವಿನ ಸಾಲ ತೀರಿಸಿದವರು ಅಫ್ಘನ್ನರು, ಆಮೇಲೆ ಕಾಶ್ಮೀರಿಗಳು.

ಇಷ್ಟು ಸಿದ್ಧಾಂತಕ್ಕೆಲ್ಲ ನಿಜವಾದ ಪರೀಕ್ಷೆ ಬಂದದ್ದು ಕಾರ್ಗಿಲ್‌ನಲ್ಲಿ. 1998ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನಗಳೆರಡೂ ಅಣ್ವಸ್ತ್ರ ಸ್ಫೋಟಿಸಿ ನೋಡಿದ್ದವು. ವರ್ಷ ತುಂಬುವುದರೊಳಗೆ ಪಾಕಿಸ್ತಾನಿ ಸೈನಿಕರು ನಿಯಂತ್ರಣ ರೇಖೆ ದಾಟಿ ಚಳಿಗಾಲದಲ್ಲಿ ಖಾಲಿ ಬಿಟ್ಟ ಶಿಖರಗಳಲ್ಲಿ ಕುಳಿತಿದ್ದರು. ಮೇ 26ರಿಂದ ವಾಯುಪಡೆ ದಾಳಿಗಿಳಿಯಿತು, ಆದರೆ ರೇಖೆ ದಾಟಬಾರದು ಎಂಬುದು ವಾಜಪೇಯಿ ಸರ್ಕಾರದ ಕಟ್ಟಪ್ಪಣೆ. ಇದನ್ನು ಗುಟ್ಟಾಗಿ ಇಡದೆ ಜಗತ್ತಿಗೇ ಸಾರಲಾಯಿತು. ಸೇನೆಗೆ ಇದರ ಬೆಲೆ ಭಾರಿಯಾಗಿತ್ತು. ರೇಖೆಯ ಆಚೆಗಿನ ಸರಬರಾಜು ನೆಲೆಗಳನ್ನು ಮುಟ್ಟುವಂತಿರಲಿಲ್ಲ. ಕಡಿದಾದ ಇಳಿಜಾರುಗಳನ್ನು ರಾತ್ರಿ ಕೆಳಗಿನಿಂದ ಹತ್ತಿ, ಮೇಲಿನಿಂದ ಸುರಿಯುವ ಗುಂಡಿಗೆ ಎದೆಯೊಡ್ಡಬೇಕಿತ್ತು. ಪೈಲಟ್‌ಗಳು ರೇಖೆಗೆ ಒತ್ತಿಕೊಂಡೇ ತಿರುವು ತೆಗೆದುಕೊಳ್ಳಬೇಕಿತ್ತು. ಮೊದಲ ಮೂರು ದಿನಗಳಲ್ಲೇ ಎರಡು ಯುದ್ಧವಿಮಾನ, ಒಂದು ಹೆಲಿಕಾಪ್ಟರ್ ಹೋದವು. ಭಾರತ ಕಳೆದುಕೊಂಡ ಸೈನಿಕರು 527. ಆದರೆ ರೇಖೆಯ ಈಚೆ ಯಾವ ಕರುಣೆಯೂ ಇರಲಿಲ್ಲ. ಬೊಫೋರ್ಸ್ ತೋಪುಗಳು ಶಿಖರಗಳಿಗೆ ನೇರ ಗುರಿಯಿಟ್ಟವು. ಬಟಾಲಿಕ್ ವಲಯದ ಮುಂಥೋ ಧಾಲೋ ಸರಬರಾಜು ಶಿಬಿರವನ್ನು ಮಿರಾಜ್‌ಗಳು ಪುಡಿಮಾಡಿದವು. ಜೂನ್‌ನಲ್ಲಿ ಕಲೋನ್‌ನಲ್ಲಿ ಸೇರಿದ ಜಿ-8 ದೇಶಗಳು ನಿಯಂತ್ರಣ ರೇಖೆಯನ್ನು ಗೌರವಿಸಿ ಎಂದವು, ಚೀನಾ ಪಾಕಿಸ್ತಾನದ ಬೆನ್ನಿಗೆ ನಿಲ್ಲಲಿಲ್ಲ. ಜುಲೈ 4ರಂದು ಟೈಗರ್ ಹಿಲ್ ನಮ್ಮ ಕೈಗೆ ಬಂದ ದಿನವೇ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ವಾಷಿಂಗ್ಟನ್‌ನಲ್ಲಿ ಕ್ಲಿಂಟನ್ ಎದುರು ಸೈನ್ಯ ಹಿಂತೆಗೆಯಲು ಒಪ್ಪಿದ್ದರು.

ಕಾರ್ಗಿಲ್ ಹೇಳುವುದು ಇಷ್ಟು: ಗೆರೆಯನ್ನು ಮೊದಲೇ ಎಲ್ಲರಿಗೂ ಕಾಣುವಂತೆ ಎಳೆ, ಆಮೇಲೆ ಅದರೊಳಗೆ ಕೈ ಬಿಗಿಹಿಡಿಯಬೇಡ. ಅರ್ಧಂಬರ್ಧ ಸಂಯಮಕ್ಕೂ ಅರ್ಧಂಬರ್ಧ ಬಲಕ್ಕೂ ಫಲ ಕಡಿಮೆ. ವಿದ್ವಾಂಸರು ಮಾತ್ರ ಇನ್ನೂ ಜಗಳವಾಡುತ್ತಿದ್ದಾರೆ. ಪಾಕಿಸ್ತಾನಕ್ಕೆ ನುಗ್ಗುವ ಧೈರ್ಯ ಕೊಟ್ಟದ್ದೇ ಬಾಂಬ್ ಎನ್ನುತ್ತಾನೆ ಪಾಲ್ ಕಪೂರ್. ಯುದ್ಧ ಹರಡದಂತೆ ಹಿಡಿದದ್ದೂ ಅದೇ ಬಾಂಬ್ ಎನ್ನುತ್ತಾನೆ ಸುಮಿತ್ ಗಂಗೂಲಿ. ಇಬ್ಬರೂ ಸೇರಿ 2010ರಲ್ಲಿ ಒಂದೇ ಪುಸ್ತಕದಲ್ಲಿ ಈ ವಾದ ನಡೆಸಿದರು. ಓದಿ ಮುಗಿಸಿದರೆ ಇಬ್ಬರೂ ಸರಿ ಅನ್ನಿಸುತ್ತದೆ, ಸ್ನೈಡರ್ ಹೇಳಿದ್ದೂ ಅದನ್ನೇ ಅಲ್ಲವೇ?

ಆಮೇಲೆ ಗೆರೆ ಸರಿಯತೊಡಗಿತು. ಸಂಸತ್ತಿನ ಮೇಲಿನ ದಾಳಿಯ ನಂತರ ಗಡಿಯಲ್ಲಿ ಹತ್ತು ತಿಂಗಳು ನಿಂತ ಸೇನೆ 2002ರ ಅಕ್ಟೋಬರ್‌ನಲ್ಲಿ ಹಿಂತಿರುಗಿತು. ಇಡೀ ಸೇನೆಯನ್ನು ಹೂಡುವಷ್ಟರಲ್ಲಿ ಸಮಯ ಮೀರುತ್ತದೆಂದು 2004ರಲ್ಲಿ ಸಣ್ಣ ಪಡೆಗಳು ಕೂಡಲೇ ಗಡಿ ದಾಟುವ ‘ಕೋಲ್ಡ್ ಸ್ಟಾರ್ಟ್’ ಯೋಚನೆ ಬಂತು. ಅದಕ್ಕೆ ಉತ್ತರವಾಗಿ ಪಾಕಿಸ್ತಾನ 2011ರಲ್ಲಿ ಅಣ್ವಸ್ತ್ರ ಹೊತ್ತು 60 ಕಿಲೋಮೀಟರ್ ಹಾರುವ ನಸ್ರ್ ಕ್ಷಿಪಣಿ ತಂದಿತು. 2016ರಲ್ಲಿ ಭಾರತೀಯ ಯೋಧರು ನಿಯಂತ್ರಣ ರೇಖೆ ದಾಟಿ ಹೊಡೆದು ಬಂದರು. 2019ರಲ್ಲಿ ವಿಮಾನಗಳು ಬಾಲಾಕೋಟ್‌ವರೆಗೆ ಹೋದವು. ಪಹಲ್ಗಾಮ್ ಹತ್ಯಾಕಾಂಡದ ನಂತರ, 2025ರ ಮೇ 7ರ ರಾತ್ರಿ ಉಗ್ರರ ಒಂಬತ್ತು ನೆಲೆಗಳ ಮೇಲೆ ದಾಳಿ ಮಾಡಿದ ಭಾರತ, ಸೇನಾ ನೆಲೆಗಳನ್ನು ಮುಟ್ಟಿಲ್ಲ ಎಂದು ಕೂಡಲೇ ಪ್ರಕಟಿಸಿತು. ಮೂರೇ ದಿನಗಳಲ್ಲಿ ರಾವಲ್ಪಿಂಡಿಯ ನೂರ್ ಖಾನ್ ವಾಯುನೆಲೆಯೂ ಗುರಿಯಾಗಿತ್ತು. ಮೇ 10ರಂದು ಎರಡೂ ದೇಶಗಳ ಸೇನಾ ಕಾರ್ಯಾಚರಣೆ ಮಹಾನಿರ್ದೇಶಕರ ದೂರವಾಣಿ ಮಾತುಕತೆಯಲ್ಲಿ ಕಾದಾಟ ನಿಂತಿತು. ನಮ್ಮ ಯುದ್ಧವಿಮಾನಗಳು ಉರುಳಿದ್ದನ್ನು ಆ ತಿಂಗಳ ಕೊನೆಗೆ ರಕ್ಷಣಾ ಪಡೆಗಳ ಅಂದಿನ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಸಿಂಗಪುರದಲ್ಲಿ ಒಪ್ಪಿಕೊಂಡರು. ಪ್ರತಿ ಸಲವೂ ಒಂದಿಷ್ಟು ಹೆಚ್ಚು ಹೊಡೆದು, ಅನಾಹುತವಾಗಲಿಲ್ಲ ಎಂದು ಅದನ್ನೇ ಮುಂದಿನ ಸಲದ ಕನಿಷ್ಠ ಮಟ್ಟ ಮಾಡಿಕೊಳ್ಳುವುದು ನನಗೆ ನೆಮ್ಮದಿ ಕೊಡುವ ಸಂಗತಿಯಲ್ಲ.

ಚೀನಾದ ಎದುರು ನಡೆದದ್ದು ಬೇರೆ ಬಗೆ. 2020ರ ಜೂನ್ 15ರ ರಾತ್ರಿ ಗಲ್ವಾನ್‌ನಲ್ಲಿ 20 ಭಾರತೀಯ ಸೈನಿಕರು ಸತ್ತರು, ಒಂದೂ ಗುಂಡು ಹಾರದೆ. 1996ರ ಒಪ್ಪಂದದಂತೆ ವಾಸ್ತವ ನಿಯಂತ್ರಣ ರೇಖೆಯ ಬಳಿ ಗುಂಡು ಹಾರಿಸುವಂತಿಲ್ಲ. ಆ ಗೆರೆಯನ್ನು ಉಳಿಸಿಕೊಂಡೇ ಮೊಳೆ ಹೊಡೆದ ದೊಣ್ಣೆ, ಕಲ್ಲುಗಳಿಂದ ಕೊಲ್ಲಬಹುದೆಂದು ಅಂದು ಗೊತ್ತಾಯಿತು. ಭಾರತ ಕೂಡಲೇ ಹೊಡೆಯಲಿಲ್ಲ. 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆಗಸ್ಟ್ ಕೊನೆಯಲ್ಲಿ ಪ್ಯಾಂಗಾಂಗ್‌ನ ದಕ್ಷಿಣಕ್ಕಿದ್ದ ಕೈಲಾಸ ಶ್ರೇಣಿಯ ಖಾಲಿ ಎತ್ತರಗಳನ್ನು ಹಿಡಿದು ಚೌಕಾಶಿಗೆ ಕೈಯಲ್ಲೊಂದು ವಸ್ತು ಮಾಡಿಕೊಂಡಿತು. ಮುಂದಿನ ಫೆಬ್ರುವರಿಯಲ್ಲಿ ಸರೋವರದ ಎರಡೂ ದಡಗಳಿಂದ ಸೇನೆಗಳು ಸರಿದವು. ಡೆಪ್ಸಾಂಗ್, ಡೆಮ್ಚೋಕ್‌ಗಳ ಗಸ್ತು ಒಪ್ಪಂದಕ್ಕೆ ಮಾತ್ರ 2024ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಉಕ್ರೇನ್‌ಗೆ ಇಂಥ ಬಿಡುವು ಇರಲಿಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ತನ್ನ ನೆಲದಲ್ಲಿ ಉಳಿದ ಅಣ್ವಸ್ತ್ರಗಳನ್ನು ಅದು 1994ರ ಬುಡಾಪೆಸ್ಟ್ ಒಡಂಬಡಿಕೆಯಂತೆ ಬಿಟ್ಟುಕೊಟ್ಟಿತ್ತು. ಗಡಿಯನ್ನು ಗೌರವಿಸುತ್ತೇವೆ ಎಂದು ಸಹಿ ಹಾಕಿದವರಲ್ಲಿ ರಷ್ಯವೂ ಒಂದು. 2022ರ ಫೆಬ್ರುವರಿ 24ರಂದು ಆಕ್ರಮಣ, ಮೂರು ದಿನಗಳ ನಂತರ ಪುಟಿನ್‌ರಿಂದ ಅಣ್ವಸ್ತ್ರ ಪಡೆಗಳಿಗೆ ವಿಶೇಷ ಕಟ್ಟೆಚ್ಚರದ ಆದೇಶ. ಆಗ ಖಾರ್ಕಿವ್‌ನ ನೆಲಮಾಳಿಗೆಗಳಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳೂ ಕುಳಿತಿದ್ದರು. ಬೈಡನ್ ಮೊದಲೇ ಎರಡು ಗೆರೆ ಎಳೆದರು: ಅಮೆರಿಕದ ಸೈನಿಕರು ಹೋಗುವುದಿಲ್ಲ, ಉಕ್ರೇನಿನ ಆಕಾಶದಲ್ಲಿ ಹಾರಾಟ ನಿಷೇಧ ವಲಯವೂ ಇಲ್ಲ. ಅದು ಸರಿಯಾಗಿತ್ತು. ತಪ್ಪಿದ್ದು ಗೆರೆಯೊಳಗೆ. ಹೈಮಾರ್ಸ್ ರಾಕೆಟ್‌ಗಳನ್ನು ಕೊಡಲು ನಾಲ್ಕು ತಿಂಗಳು, ಟ್ಯಾಂಕ್‌ಗಳಿಗೆ ಒಪ್ಪಿಗೆ ಕೊಡಲು ಹನ್ನೊಂದು ತಿಂಗಳು, ಎಫ್-16 ತಲುಪುವಾಗ 2024ರ ಬೇಸಿಗೆ. ಪ್ರತಿಯೊಂದಕ್ಕೂ ‘ಇದು ಮೂರನೇ ಮಹಾಯುದ್ಧ’ ಎಂಬ ಹೆದರಿಕೆ, ಆಮೇಲೆ ಒಪ್ಪಿಗೆ, ಕೊನೆಗೆ ಏನೂ ಆಗದಿರುವುದು. ಅಷ್ಟರಲ್ಲಿ ರಷ್ಯ ಕಂದಕ ತೋಡಿ, ಮೈನುಗಳನ್ನು ಹೂತು ಸಿದ್ಧವಾಗಿರುತ್ತಿತ್ತು. ಕಾರ್ಗಿಲ್‌ನ ಪಾಠವನ್ನು ಇಲ್ಲಿ ತಲೆಕೆಳಗು ಮಾಡಲಾಯಿತು.

ಹಾಗೆಂದು ಬೆದರಿಕೆಯೆಲ್ಲ ಬರೀ ಮಾತು ಎನ್ನುವವರನ್ನೂ ನಾನು ಒಪ್ಪಲಾರೆ. ಅಣ್ವಸ್ತ್ರ ತನ್ನದನ್ನು ಕಾಯಲು ನೆರವಾಗುತ್ತದೆ, ಇನ್ನೊಬ್ಬರದನ್ನು ಕಸಿಯಲು ಅಷ್ಟಾಗಿ ಆಗುವುದಿಲ್ಲ ಎಂದು ವಿದ್ವಾಂಸರಾದ ಸೆಕ್ಸರ್ ಮತ್ತು ಫರ್ಮನ್ 2017ರಲ್ಲಿ ವಾದಿಸಿದ್ದರು. ಕೀವ್ ಶರಣಾಗದಿದ್ದುದು ಆ ವಾದಕ್ಕೆ ಬಲ ಕೊಟ್ಟಿತು. ಆದರೆ ನೇಟೊ ಸೈನಿಕರು ಉಕ್ರೇನಿಗೆ ಬರದಂತೆ ತಡೆದದ್ದೂ ಅದೇ ಬೆದರಿಕೆ ಎಂಬುದನ್ನು ಮರೆಯಬಾರದು. ಆಕ್ರಮಣಕಾರ ಸಂಯಮದ ಗೆರೆಯನ್ನು ಕಲಿತು ಅದನ್ನೇ ಗುರಾಣಿ ಮಾಡಿಕೊಂಡಾಗ ಏನು ಮಾಡಬೇಕು ಎಂಬಲ್ಲಿ ಈ ಶಾಸ್ತ್ರ ಈಗ ತಡವರಿಸುತ್ತಿದೆ.

ಈ ಶಾಸ್ತ್ರದ ಇನ್ನೊಂದು ಕೊರತೆ ನಮ್ಮದೇ. ಅಣ್ವಸ್ತ್ರ ದೇಶವೊಂದರ ಸೇನೆಯನ್ನು ದೊಡ್ಡ ಯುದ್ಧವಿಲ್ಲದೆ ಹಿಂದಕ್ಕೆ ಅಟ್ಟಿದ ಅತ್ಯಂತ ಸ್ಪಷ್ಟ ಉದಾಹರಣೆ ಕಾರ್ಗಿಲ್. ಆದರೆ ಜುಲೈ 4ರ ಮಾತುಕತೆಯ ಬಗ್ಗೆ ಎಲ್ಲರೂ ಉಲ್ಲೇಖಿಸುವುದು ನಮ್ಮ ದಾಖಲೆಗಳನ್ನಲ್ಲ, ಅಮೆರಿಕದ ಅಧಿಕಾರಿ ಬ್ರೂಸ್ ರೀಡೆಲ್ 2002ರಲ್ಲಿ ಬರೆದ ನೆನಪನ್ನು. ಕಾರ್ಗಿಲ್ ಬಗ್ಗೆ ಪರಿಶೀಲಿಸಿದ ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿ 2000ದ ಫೆಬ್ರುವರಿಯಲ್ಲಿ ಸಂಸತ್ತಿಗೆ ಬಂದರೂ ಅದರ ಹಲವು ಭಾಗಗಳಿಗೆ ಕತ್ತರಿ ಬಿದ್ದಿತ್ತು. 25 ವರ್ಷ ದಾಟಿದ ಕಡತಗಳನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯವೇ 2021ರ ಜೂನ್‌ನಲ್ಲಿ ಪ್ರಕಟಿಸಿದೆ. ಕಾರ್ಗಿಲ್‌ಗೆ 2024ರಲ್ಲೇ 25 ತುಂಬಿದೆ. ಸಚಿವಾಲಯ ತನ್ನ ಮಾತಿನಂತೆ ಆ ಕಡತಗಳನ್ನು ತೆರೆಯಲಿ.