ಬಿಡದಿಯಿಂದ ಬಂದ ಹಳೆಯ ಗಾಡಿಗಳು

ಸೆಕೆಂಡ್ ಹ್ಯಾಂಡ್ ಕಾರುಗಳ ಬಜಾರಿನಲ್ಲಿ ಟೊಯೊಟಾದ ಲೆಕ್ಕವೇ ಬೇರೆ. ಉಳಿದ ಕಂಪನಿಗಳ ಕಾರು ಲಕ್ಷ ಕಿ.ಮೀ. ದಾಟಿತೆಂದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಇನ್ನೋವಾ ಎರಡು ಲಕ್ಷ ಓಡಿದ್ದರೂ ‘ರನ್ನಿಂಗ್ ಕಮ್ಮಿ ಸಾರ್’ ಎಂದು ಬ್ರೋಕರ್ ಹೇಳುತ್ತಾನೆ, ಕೇಳಿದವರು ತಲೆಯಾಡಿಸುತ್ತಾರೆ. ಈ ನಂಬಿಕೆ ಸುಳ್ಳಲ್ಲ. ಆದರೆ ಅದರ ಬೆಲೆ ತೆರುವವನು ಕೊಳ್ಳುವವನು. ಜೊತೆಗೆ, ಒಂದು ಮಾದರಿ ಗಳಿಸಿದ ಹೆಸರಿನಲ್ಲಿ ಇನ್ನೊಂದು ಮಾದರಿ ಮಾರಾಟವಾಗುವುದೂ ಇದೆ. ಇಪ್ಪತ್ತೈದು ವರ್ಷಗಳಲ್ಲಿ ಈ ಕಂಪನಿ ಇಲ್ಲಿ ಮಾರಿದ ಕಾರುಗಳನ್ನು ಒಂದೊಂದಾಗಿ ನೋಡಿದರೆ ಯಾವುದು ಹೆಸರಿಗೆ ತಕ್ಕಂತಿದೆ, ಯಾವುದು ಹೆಸರಿನ ನೆರಳಲ್ಲಿದೆ ಎಂಬುದು ತಿಳಿಯುತ್ತದೆ.

ಟೊಯೊಟಾ ಮತ್ತು ಕಿರ್ಲೋಸ್ಕರ್ ಸಮೂಹದ ಜಂಟಿ ಕಂಪನಿ ಹುಟ್ಟಿದ್ದು 1997ರಲ್ಲಿ. ಬಿಡದಿಯಲ್ಲಿ ಕಟ್ಟಿದ ಕಾರ್ಖಾನೆ 1999ರ ಕೊನೆಗೆ ಉತ್ಪಾದನೆ ಶುರುಮಾಡಿತು, 2000ದ ಆರಂಭಕ್ಕೆ ಕ್ವಾಲಿಸ್ ರಸ್ತೆಗೆ ಬಂತು. ಅದೇನು ಹೊಸ ವಿನ್ಯಾಸದ ಗಾಡಿಯಾಗಿರಲಿಲ್ಲ. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಲ್ಲಿ ಓಡಿ ಹಳತಾಗಿದ್ದ ಮಾದರಿಯನ್ನೇ ತುಸು ತಿದ್ದಿ ತಂದದ್ದು. ಡಬ್ಬಿಯಂಥ ಆಕಾರ, ಹಿಂದೆ ಲೀಫ್ ಸ್ಪ್ರಿಂಗ್, 2.4 ಲೀಟರಿನ ಟರ್ಬೊ ಇಲ್ಲದ ಡೀಸೆಲ್ ಎಂಜಿನ್, ಶಕ್ತಿ ಬರೀ 75 ಅಶ್ವಶಕ್ತಿ. ಇಂಥ ಗಾಡಿಯನ್ನು ಯಾರು ಕೊಳ್ಳುತ್ತಾರೆ ಎಂದು ಮೂಗು ಮುರಿದವರಿದ್ದರು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಕಾಲ್ ಸೆಂಟರ್‌ಗಳು ತಲೆಯೆತ್ತಿದವು. ರಾತ್ರಿಯೆಲ್ಲ ನೌಕರರನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಸಾಗಿಸಲು ಕೈಕೊಡದ ಗಾಡಿ ಬೇಕಿತ್ತು. ಕ್ವಾಲಿಸ್ ಆ ಕೆಲಸಕ್ಕೆಂದೇ ಹುಟ್ಟಿದಂತಿತ್ತು.

ಈಗ ಉಳಿದಿರುವ ಕ್ವಾಲಿಸ್‌ಗಳ ಎಂಜಿನ್ ಇನ್ನೂ ಗಟ್ಟಿಯಾಗಿರಬಹುದು. ಎಲೆಕ್ಟ್ರಾನಿಕ್ಸ್ ಕಡಿಮೆಯಾದ್ದರಿಂದ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸಬಲ್ಲ. ಸೋಲುವುದು ಬಾಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ದುಡಿದ ಗಾಡಿಯಾದರೆ ಬಾಗಿಲಿನ ಕೆಳಅಂಚು, ನೆಲದ ತಗಡು, ಷಾಸಿ ಎಲ್ಲವನ್ನೂ ಪಿಟ್‌ಗೆ ಹಾಕಿ ನೋಡದೆ ಮುಂದುವರಿಯುವಂತಿಲ್ಲ. ಏರ್‌ಬ್ಯಾಗ್, ಎಬಿಎಸ್ ಕೇಳಲೇಬೇಡಿ. ಹದಿನೈದು ವರ್ಷ ದಾಟಿದ್ದರಿಂದ ಆರ್‌ಸಿ ನವೀಕರಣ, ಎಫ್‌ಸಿ, ಹಸಿರು ತೆರಿಗೆ ಎಂದು ಆರ್‌ಟಿಒ ಕಚೇರಿಗೆ ಓಡಾಟವೂ ತಪ್ಪದು. ಅಭಿಮಾನಕ್ಕೆ ಇಟ್ಟುಕೊಳ್ಳುವವರಿಗೆ ಸರಿ, ಮನೆಗೆ ಒಂದೇ ಕಾರು ಬೇಕೆನ್ನುವವರಿಗೆ ಅಲ್ಲ.

ಚೆನ್ನಾಗಿ ಮಾರಾಟವಾಗುತ್ತಿದ್ದ ಕ್ವಾಲಿಸನ್ನು ನಿಲ್ಲಿಸಿ 2005ರ ಫೆಬ್ರವರಿಯಲ್ಲಿ ಇನ್ನೋವಾ ಬಿಟ್ಟಾಗ ಹಲವರು ಹುಬ್ಬೇರಿಸಿದರು. ಟೊಯೊಟಾದ ಹೆಸರು ಇಲ್ಲಿ ಬೇರೂರಿದ್ದು ನಿಜವಾಗಿ ಇದರಿಂದ. 2.5 ಲೀಟರಿನ ಡಿ-4ಡಿ ಡೀಸೆಲ್, 102 ಅಶ್ವಶಕ್ತಿ, ಷಾಸಿಯ ಮೇಲೆ ಕೂರಿಸಿದ ಬಾಡಿ, ಹಿಂಚಕ್ರ ಚಾಲನೆ. ಹೊಂಡಬಿದ್ದ ರಸ್ತೆಯಲ್ಲೂ ಮೂರನೇ ಸಾಲಿನಲ್ಲಿ ಕೂತವರು ಬಯ್ಯದಂಥ ಸಸ್ಪೆನ್ಷನ್. ಟೂರಿಸ್ಟ್ ಟ್ಯಾಕ್ಸಿಯಾಗಿ ನಾಲ್ಕು–ಐದು ಲಕ್ಷ ಕಿ.ಮೀ. ಓಡಿದ ಇನ್ನೋವಾಗಳು ಅಪರೂಪವಲ್ಲ.

ತೊಡಕು ಇರುವುದೂ ಅಲ್ಲಿಯೇ. ನಾಲ್ಕು ಲಕ್ಷ ಓಡಿದರೂ ಎಂಜಿನ್ ಸದ್ದು ಬದಲಾಗದ ಗಾಡಿಯ ಮೀಟರ್ ತಿರುಗಿಸಿ 90 ಸಾವಿರ ಮಾಡಿದರೆ, ಓಡಿಸಿ ನೋಡಿದವರಿಗೆ ಅನುಮಾನ ಬರುವುದಿಲ್ಲ. ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬದಲಾದ ಗಾಡಿ ಹೊಸ ಸೀಟ್ ಕವರ್, ಪಾಲಿಷ್ ಹೊದ್ದು ‘ಡಾಕ್ಟರ್ ಓಡಿಸಿದ್ದು’ ಆಗಿಬಿಡುತ್ತದೆ. ನಿಜ ಹೇಳುವುದು ಕ್ಲಚ್ ಪೆಡಲ್‌ನ ರಬ್ಬರ್, ಸವೆದ ಸ್ಟಿಯರಿಂಗ್, ಚಾಲಕನ ಸೀಟಿನ ಕುಸಿದ ಅಂಚು. ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಯಾವಾಗ ಬದಲಾಯಿಸಿದ್ದೆಂದು ಬಿಲ್ ಸಮೇತ ಕೇಳಬೇಕು. ಕಲಬೆರಕೆ ಡೀಸೆಲ್ ಕುಡಿದ ಇಂಜೆಕ್ಟರ್‌ಗಳ ರಿಪೇರಿ ಸಣ್ಣ ಮೊತ್ತದ್ದಲ್ಲ. ಟರ್ಬೊ, ಕ್ಲಚ್, ಮುಂದಿನ ಸಸ್ಪೆನ್ಷನ್ ಬುಷ್‌ಗಳ ಖರ್ಚೂ ಸೇರಿದರೆ ಅಗ್ಗಕ್ಕೆ ಸಿಕ್ಕ ಇನ್ನೋವಾ ಅಗ್ಗವಾಗಿ ಉಳಿಯದು. ಹಳೆಯ ಕೆಳದರ್ಜೆಯ ಮಾದರಿಗಳಲ್ಲಿ ಏರ್‌ಬ್ಯಾಗ್ ಇರುತ್ತಿರಲಿಲ್ಲ. ಏರ್‌ಬ್ಯಾಗ್ ಇದ್ದ ಗಾಡಿಗಳಿಗೂ ಒಂದು ಮಾತಿದೆ: ಸ್ಟಿಯರಿಂಗ್ ಒಳಗಿನ ಸ್ಪೈರಲ್ ಕೇಬಲ್ ದೋಷಕ್ಕೆ 2014ರಲ್ಲಿ ಸುಮಾರು 45 ಸಾವಿರ ಇನ್ನೋವಾಗಳನ್ನು ಕಂಪನಿ ವಾಪಸ್ ಕರೆದಿತ್ತು. ಆ ಕೆಲಸ ಆಗಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಬಹುದು.

ದೆಹಲಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿದ ಮೇಲೆ ಅಲ್ಲಿನ ಇನ್ನೋವಾ, ಫಾರ್ಚುನರ್‌ಗಳು ಕಡಿಮೆ ಬೆಲೆಗೆ ಹೊರರಾಜ್ಯಗಳಿಗೆ ಹರಿಯತೊಡಗಿದವು. ಕರ್ನಾಟಕಕ್ಕೂ ಬಂದವು. ಬೆಲೆ ಕಂಡು ಮಾರುಹೋಗುವ ಮೊದಲು ಎನ್‌ಒಸಿ, ಮರುನೋಂದಣಿ, ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಸೇರಿಸಿ ಕೂಡಿ ನೋಡಿದರೆ ಲಾಭ ಬಹುಪಾಲು ಕರಗಿಹೋಗಿರುತ್ತದೆ.

2003ರಲ್ಲಿ ಬಂದ ಕೊರೊಲಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 1.8 ಲೀಟರ್ ಪೆಟ್ರೋಲ್, ಟೈಮಿಂಗ್ ಚೈನ್, ನಯವಾದ ಓಟ, ಬಹುಪಾಲು ಮಾಲೀಕರೇ ಓಡಿಸಿದ ಕಾರು. 2010ರಲ್ಲಿ ಸೇರಿದ 1.4 ಡೀಸೆಲ್ ಕೊರೊಲಾ ಆಲ್ಟಿಸ್ ಮೈಲೇಜ್ ಕೊಡುತ್ತದೆ, ಆದರೆ 88 ಅಶ್ವಶಕ್ತಿ ಆ ದೇಹಕ್ಕೆ ಸಾಲದು. 2020ಕ್ಕೆ ಕೊರೊಲಾ ಇಲ್ಲಿ ನಿಂತಿತು. ಬಿಡಿಭಾಗ ಸಿಗುತ್ತವೆ, ಬೆಲೆ ಮಾತ್ರ ದೊಡ್ಡ ಕಾರಿನದು.

ಫಾರ್ಚುನರ್‌ದು ಬೇರೆ ಕಥೆ. 2009ರಲ್ಲಿ 3 ಲೀಟರ್, 171 ಅಶ್ವಶಕ್ತಿಯೊಂದಿಗೆ ಬಂದ ಅದು ರಾಜಕಾರಣಿಗಳ, ಗುತ್ತಿಗೆದಾರರ ಮನೆಮುಂದಿನ ಗುರುತಾಯಿತು. ಮರುಮಾರಾಟದಲ್ಲಿ ಅದರಷ್ಟು ಬೆಲೆ ಹಿಡಿದುಕೊಂಡ ದೊಡ್ಡ ಎಸ್‌ಯುವಿ ಇನ್ನೊಂದಿಲ್ಲವೆಂದರೂ ನಡೆದೀತು. ಕಾರಾಗಿ ನೋಡಿದರೆ ಮೊದಲ ತಲೆಮಾರು ಒರಟು: ಹಿಂದೆ ಡ್ರಮ್ ಬ್ರೇಕ್, ಅಷ್ಟು ತೂಕ ನಿಲ್ಲಿಸಲು ಅದು ಸಾಲದೆಂಬ ದೂರು, ಹೆದ್ದಾರಿಯಲ್ಲಿ ಕುಲುಕಾಟ. ಈ 3 ಲೀಟರ್ ಎಂಜಿನ್‌ನಲ್ಲಿ ಇಂಜೆಕ್ಟರ್ ಸೀಲ್ ಸೋರಿದರೆ ಮಸಿ ಎಂಜಿನ್ ಆಯಿಲ್‌ಗೆ ಸೇರಿ ಆಯಿಲ್ ಎಳೆಯುವ ಜಾಲರಿಯನ್ನೇ ಮುಚ್ಚಬಲ್ಲದೆಂಬುದು ಬೇರೆ ದೇಶಗಳ ಮಾಲೀಕರಿಗೂ ಗೊತ್ತಿರುವ ವಿಷಯ. 2016ರ ಎರಡನೇ ತಲೆಮಾರಿನ 2.8 ಲೀಟರ್‌ನಲ್ಲಿ ಹಿಂದೆಯೂ ಡಿಸ್ಕ್ ಬಂತು, ಬೆಲ್ಟ್ ಹೋಗಿ ಚೈನ್ ಬಂತು. ಆಸ್ಟ್ರೇಲಿಯಾದಲ್ಲಿ ಇದೇ ಎಂಜಿನ್ ಕುಟುಂಬದ ಗಾಡಿಗಳ ಹೊಗೆ ಫಿಲ್ಟರ್ ದೋಷದ ಬಗ್ಗೆ ಎರಡು ಲಕ್ಷಕ್ಕೂ ಹೆಚ್ಚು ವಾಹನಗಳ ಮಾಲೀಕರ ಪರವಾಗಿ ಮೊಕದ್ದಮೆ ನಡೆದು 2022ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಕಂಪನಿಯ ವಿರುದ್ಧ ತೀರ್ಪಿತ್ತಿತು. ಆ ಫಿಲ್ಟರ್ ಇಲ್ಲಿ ಬಿಎಸ್-6ರೊಂದಿಗೆ ಬಂದದ್ದು, ಸಣ್ಣ ಓಟಗಳಲ್ಲಿ ಮಸಿ ಕಟ್ಟಿಕೊಳ್ಳುವಂಥದ್ದು. ಹಾಗಾಗಿ ಪೇಟೆಯೊಳಗೇ ಸಣ್ಣಸಣ್ಣ ದೂರ ಓಡಿದ 2020ರ ಈಚಿನ ಡೀಸೆಲ್ ಗಾಡಿಗಿಂತ ಹೆದ್ದಾರಿ ಓಡಿದ್ದೇ ಮೇಲು.

ಕಂಪನಿ ಅಗ್ಗದ ಕಾರು ಮಾಡಲು ಹೊರಟು ಪೆಟ್ಟು ತಿಂದದ್ದು 2010ರ ಕೊನೆಗೆ ಬಂದ ಇಟಿಯೋಸ್‌ನಲ್ಲಿ. ಡ್ಯಾಶ್‌ಬೋರ್ಡ್ ನಡುವೆ ಮೀಟರ್, ಗಾಜಿಗೆ ಒಂದೇ ವೈಪರ್, ಮುಟ್ಟಿದರೆ ಟಕಟಕ ಎನ್ನುವ ಪ್ಲಾಸ್ಟಿಕ್. ‘ಟೊಯೊಟಾ ಅಂದರೆ ಇದಾ?’ ಎಂದರು ಜನ. ಖಾಸಗಿ ಗಿರಾಕಿಗಳು ದೂರ ಸರಿದಂತೆ ಟ್ಯಾಕ್ಸಿಯವರು ಅಪ್ಪಿಕೊಂಡರು, ಟ್ಯಾಕ್ಸಿ ಹೆಚ್ಚಾದಂತೆ ಉಳಿದ ಖಾಸಗಿ ಗಿರಾಕಿಗಳೂ ಹೋದರು. 2020ರಲ್ಲಿ ಅದು ಮುಗಿಯಿತು.

ಆದರೆ ಹಳೆಯ ಕಾರು ಹುಡುಕುವವರಿಗೆ ಇಡೀ ಪಟ್ಟಿಯಲ್ಲಿ ಅತ್ಯಂತ ಬುದ್ಧಿವಂತ ಆಯ್ಕೆ ಈ ಇಟಿಯೋಸೇ. 90 ಅಶ್ವಶಕ್ತಿಯ 1.5 ಪೆಟ್ರೋಲ್ ಹಗುರ ದೇಹವನ್ನು ಚುರುಕಾಗಿ ಎಳೆಯುತ್ತದೆ, 590 ಲೀಟರ್ ಮೀರಿದ ಡಿಕ್ಕಿ ಊರಿಗೆ ಹೋಗುವ ಕುಟುಂಬದ ಸಾಮಾನೆಲ್ಲ ನುಂಗುತ್ತದೆ, ಹಿಂದಿನ ಸೀಟಿನಲ್ಲಿ ನೆಲ ಸಮತಟ್ಟು. ಗ್ಲೋಬಲ್ ಎನ್‌ಕ್ಯಾಪ್ 2016ರಲ್ಲಿ ದೊಡ್ಡವರ ಸುರಕ್ಷತೆಗೆ ನಾಲ್ಕು ನಕ್ಷತ್ರ ಕೊಟ್ಟಿತು. ಟ್ಯಾಕ್ಸಿ ಎಂಬ ಹಣೆಪಟ್ಟಿಯಿಂದ ಬೆಲೆ ಕುಸಿದಿರುವುದು ಕೊಳ್ಳುವವನಿಗೆ ವರ. ನಿಯಮ ಒಂದೇ: ಪೆಟ್ರೋಲ್, ವೈಟ್ ಬೋರ್ಡ್, ಸಾಧ್ಯವಾದರೆ ಮೊದಲ ಮಾಲೀಕ. ಡೀಸೆಲ್ ಇಟಿಯೋಸ್‌ಗಳಲ್ಲಿ ಬಹುಪಾಲು ದುಡಿದು ದಣಿದವು.

2016ರ ಕ್ರಿಸ್ಟಾ ಇನ್ನೋವಾವನ್ನು ಶ್ರೀಮಂತಗೊಳಿಸಿತು: 2.4 ಡೀಸೆಲ್ 150 ಅಶ್ವಶಕ್ತಿಗೆ ಏರಿತು, ಬೆಲೆಯೂ ಏರಿತು. ಹಳೆಯ ಕ್ರಿಸ್ಟಾ ಎಷ್ಟು ದುಬಾರಿಯೆಂದರೆ, ಅದೇ ಹಣಕ್ಕೆ ಬೇರೆ ಕಂಪನಿಯ ಹೊಚ್ಚಹೊಸ ಕಾರು ವಾರಂಟಿ ಸಮೇತ ಸಿಗುತ್ತದೆ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸದ ಮನೆಗೆ ಈ ವ್ಯವಹಾರ ಗಿಟ್ಟುವುದಿಲ್ಲ.

2019ರಿಂದ ಲಾಂಛನದ ಅರ್ಥವೇ ಬದಲಾಯಿತು. ಸುಜುಕಿ ಜೊತೆಗಿನ ಒಪ್ಪಂದದಂತೆ ಬಂದ ಗ್ಲಾಂಜಾ ಮಾರುತಿ ಬಲೆನೋದ ಇನ್ನೊಂದು ರೂಪ. 2020ರ ಅರ್ಬನ್ ಕ್ರೂಸರ್ ಬ್ರೆಜಾದ್ದು. ಕೆಟ್ಟ ಕಾರುಗಳಲ್ಲ, ಮಿತವ್ಯಯದವು, ಬಿಡಿಭಾಗಕ್ಕೆ ಬರವಿಲ್ಲ. ಆದರೆ ಇನ್ನೋವಾದ ಆಯುಸ್ಸನ್ನು ಇವುಗಳಲ್ಲಿ ಹುಡುಕಬಾರದು. ಗ್ಲಾಂಜಾಗೆ ಸಿಕ್ಕಿದ್ದ ಲಾಭ ಮೂರು ವರ್ಷ, ಲಕ್ಷ ಕಿ.ಮೀ. ವಾರಂಟಿ, ಆಗ ಮಾರುತಿಯದು ಎರಡು ವರ್ಷ, 40 ಸಾವಿರ. ವಾರಂಟಿ ಮುಗಿದ ಗ್ಲಾಂಜಾಗೆ ಅದೇ ವರ್ಷದ ಬಲೆನೋಗಿಂತ ಹೆಚ್ಚು ಕೊಡಲು ಕಾರಣವೇ ಇಲ್ಲ. ತಮಾಷೆಯೆಂದರೆ 2022ರಿಂದ ಗಾಳಿ ತಿರುಗಿ ಬೀಸಿ ಮಾರುತಿಯ ಗ್ರ್ಯಾಂಡ್ ವಿಟಾರಾ ಬಿಡದಿಯಲ್ಲೇ ತಯಾರಾಗುತ್ತಿದೆ.

2022ರ ಕೊನೆಗೆ ಅನಾವರಣಗೊಂಡ ಹೈಕ್ರಾಸ್‌ನಲ್ಲಿ ಷಾಸಿ ಇಲ್ಲ, ಹಿಂಚಕ್ರ ಚಾಲನೆ ಇಲ್ಲ, ಡೀಸೆಲ್ಲೂ ಇಲ್ಲ. ಹೆಸರು ಮಾತ್ರ ಇನ್ನೋವಾ. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರುವುದರಿಂದ ಈಗ ಕೈಬದಲಾಗುವ ಗಾಡಿಗಳಿಗೆ ಸದ್ಯಕ್ಕೆ ಭಯವಿಲ್ಲ. ಆ ಅವಧಿ ಮುಗಿದ ಮೇಲೆ ಅವುಗಳ ಬೆಲೆಯನ್ನು ಬ್ಯಾಟರಿಯೇ ನಿರ್ಧರಿಸುತ್ತದೆ.

ಯಾವ ಮಾದರಿಯಾದರೂ ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಗಾಡಿಯನ್ನು ಅಧಿಕೃತ ಸರ್ವಿಸ್ ಸೆಂಟರ್‌ಗೆ ಒಯ್ದು ತಪಾಸಣೆ ಮಾಡಿಸಿ. ಹಳೆಯ ಸರ್ವಿಸ್ ದಾಖಲೆಯ ಕಿಲೋಮೀಟರ್‌ಗಳನ್ನು ಮೀಟರ್‌ಗೆ ತಾಳೆ ಹಾಕಿ, ಬಾಕಿ ದಂಡ ಮತ್ತು ಸಾಲದ ನಮೂದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿ. ಇದಕ್ಕೆ ಮಾರುವವನು ಒಪ್ಪದಿದ್ದರೆ ಆ ಗಾಡಿಯನ್ನು ಅಲ್ಲಿಗೇ ಬಿಡಿ.