ಕಬ್ಬಿಣದ ತೆರೆಯಿಂದ ಅರಮನೆ ಮೈದಾನದವರೆಗೆ

ಹೆವಿ ಮೆಟಲ್ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಮುಖ ಸಿಂಡರಿಸುತ್ತೇವೆ. ಉದ್ದ ಕೂದಲು, ಕಪ್ಪು ಅಂಗಿ, ಅಂಗಿಯ ಮೇಲೊಂದು ತಲೆಬುರುಡೆ, ಕಿವಿ ಗಡಚಿಕ್ಕುವ ಗಿಟಾರು. ಮಕ್ಕಳು ಕೆಟ್ಟರು ಎಂದು ತೀರ್ಪು ಕೊಡಲು ಇಷ್ಟು ಸಾಕು. ಈ ತೀರ್ಪು ನಮ್ಮದು ಮಾತ್ರವಲ್ಲ. ಕಳೆದ ನಾಲ್ಕೈದು ದಶಕಗಳಲ್ಲಿ ಪಾದ್ರಿಗಳು, ಮುಫ್ತಿಗಳು, ಪೊಲೀಸರು, ನ್ಯಾಯಾಧೀಶರು ಬೇರೆ ಬೇರೆ ದೇಶಗಳಲ್ಲಿ ಇದೇ ತೀರ್ಪನ್ನು ಕೊಟ್ಟಿದ್ದಾರೆ. ಈ ಭಯದಲ್ಲಿ ಹುರುಳೆಷ್ಟು? ಇಂಗ್ಲೆಂಡಿನ ಐರನ್ ಮೇಡನ್ ಎಂಬ ತಂಡ ನಡೆಸಿದ ವಿಶ್ವಯಾತ್ರೆಗಳ ಚರಿತ್ರೆಯನ್ನು ತಿರುವಿ ಹಾಕಿದರೆ ಈ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಗುತ್ತದೆ.

1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಎಂಬ 19ರ ಹರೆಯದ ಯುವಕ ಈ ತಂಡವನ್ನು ಕಟ್ಟಿದ. ಅದಕ್ಕಿಟ್ಟ ಹೆಸರು ಮೊಳೆಗಳಿಂದ ತುಂಬಿದ ಚಿತ್ರಹಿಂಸೆಯ ಪೆಟ್ಟಿಗೆಯದು. ಗಾಯಕ ಬ್ರೂಸ್ ಡಿಕಿನ್‌ಸನ್ ಸೇರಿದ್ದು 1981ರಲ್ಲಿ. ಮರುವರ್ಷ ಬಂದ 'ದ ನಂಬರ್ ಆಫ್ ದ ಬೀಸ್ಟ್' ಎಂಬ ಧ್ವನಿಸುರುಳಿ ತಂಡಕ್ಕೆ ಕೀರ್ತಿಯನ್ನೂ ಅಪಕೀರ್ತಿಯನ್ನೂ ಒಟ್ಟಿಗೇ ತಂದಿತು. ಅಮೆರಿಕದ ಕೆಲವು ಕ್ರೈಸ್ತ ಗುಂಪುಗಳು ಇವರು ಸೈತಾನನ ಆರಾಧಕರೆಂದು ಸಾರಿ ಬೀದಿಯಲ್ಲಿ ಅವರ ತಟ್ಟೆಗಳನ್ನು ಸುಟ್ಟವು. ಆ ಹಾಡಿನ ಮೂಲವಾದರೋ ಒಂದು ಭಯಾನಕ ಸಿನಿಮಾ ನೋಡಿ ಹ್ಯಾರಿಸ್‌ಗೆ ಬಿದ್ದ ಕೆಟ್ಟ ಕನಸು, ಅಷ್ಟೆ.

ಅವರ ಹಾಡುಗಳ ವಸ್ತುಗಳನ್ನೊಮ್ಮೆ ಪಟ್ಟಿ ಮಾಡಿ ನೋಡಿದರೆ ನಗು ಬರುತ್ತದೆ. ಕೋಲ್‌ರಿಜ್‌ ಕವಿಯ ಮುದಿ ನಾವಿಕ, ಕ್ರಿಮಿಯಾ ಯುದ್ಧದ ಕುದುರೆ ಸವಾರರು, ಗ್ರೀಕ್ ದೊರೆ ಅಲೆಗ್ಸಾಂಡರ್, ಬಿಳಿಯರ ದಾಳಿಗೆ ಸಿಕ್ಕಿದ ಅಮೆರಿಕದ ಮೂಲನಿವಾಸಿಗಳು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಚರಿತ್ರೆ ಮತ್ತು ಇಂಗ್ಲಿಷ್ ಪದ್ಯಗಳ ಪುಸ್ತಕವೇ ಗಿಟಾರು ಹಿಡಿದು ನಿಂತಂತಿದೆ!

1984ರ ಆಗಸ್ಟ್ 9ರಂದು ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ 'ವರ್ಲ್ಡ್ ಸ್ಲೇವರಿ ಟೂರ್' ಎಂಬ ಯಾತ್ರೆ ಆರಂಭವಾಯಿತು. ಯುರೋಪ್ ಆಗ ಎರಡು ಹೋಳಾಗಿತ್ತು. ಪೋಲೆಂಡಿನಲ್ಲಿ ಸೈನಿಕ ಕಾನೂನು ತೆರವಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಕಾರ್ಮಿಕರ 'ಸಾಲಿಡಾರಿಟಿ' ಸಂಘದ ಮೇಲಿನ ನಿಷೇಧ ಇನ್ನೂ ಇತ್ತು. ಅಂಥ ಕಡೆಗೆ ಪಶ್ಚಿಮದ ತಂಡವೊಂದು ತನ್ನ ರಂಗಸಜ್ಜಿಕೆಯನ್ನು ಇಡಿಯಾಗಿ ಲಾರಿಗಳಲ್ಲಿ ಹೇರಿಕೊಂಡು ಹೋದದ್ದು ಸಣ್ಣ ಸಂಗತಿಯಲ್ಲ. ವೇದಿಕೆಯ ಮೇಲೆ ಈಜಿಪ್ಟಿನ ಫೆರೋಗಳ ದೇಗುಲವನ್ನೇ ನಿಲ್ಲಿಸಿದ್ದರು. ವಾರ್ಸಾದ ಬಳಿಕ ಉಚ್, ಪೊಜ್ನಾನ್, ವ್ರೊಟ್ಸ್ಲಾವ್, ಕಟೊವಿಟ್ಸೆ ನಗರಗಳು; ಆಮೇಲೆ ಹಂಗೇರಿ, ಯುಗೊಸ್ಲಾವಿಯಾ. ಪೊಜ್ನಾನ್‌ನಲ್ಲಿ ಯಾರದೋ ಮದುವೆ ಔತಣಕ್ಕೆ ನುಗ್ಗಿ ಅಲ್ಲಿದ್ದ ವಾದ್ಯಗಳನ್ನೇ ಎತ್ತಿಕೊಂಡು ನುಡಿಸಿದ್ದೂ ಚಿತ್ರೀಕರಣವಾಗಿದೆ.

ಅಲ್ಲಿ ಅವರು ಹಾಡಿದ ಹಾಡುಗಳಲ್ಲಿ 'ಟೂ ಮಿನಿಟ್ಸ್ ಟು ಮಿಡ್‌ನೈಟ್' ಒಂದು. ಅದು ಅಣುಯುದ್ಧದ ಕುರಿತಾದದ್ದು. ಲೋಕ ಸರ್ವನಾಶಕ್ಕೆ ಎಷ್ಟು ಹತ್ತಿರವಿದೆಯೆಂದು ತೋರಿಸಲು ಅಣುವಿಜ್ಞಾನಿಗಳು ಒಂದು ಸಾಂಕೇತಿಕ ಗಡಿಯಾರ ಇಟ್ಟಿದ್ದಾರೆ. 1984ರಲ್ಲಿ ಅದರ ಮುಳ್ಳು ಮಧ್ಯರಾತ್ರಿಗೆ ಮೂರೇ ನಿಮಿಷ ಬಾಕಿ ಎಂದು ತೋರಿಸುತ್ತಿತ್ತು. ಎರಡೂ ಬಣಗಳ ಕ್ಷಿಪಣಿಗಳು ಯುರೋಪಿನ ನೆತ್ತಿಯ ಮೇಲೆ ತೂಗುತ್ತಿದ್ದಾಗ, ಶತ್ರು ಬಣದಿಂದ ಬಂದವರು ಹಾಡುತ್ತಿದ್ದದ್ದು ಈ ಬಣದ ಯುವಕರ ಎದೆಯೊಳಗಿದ್ದ ಭಯವನ್ನೇ. ಗಿಟಾರಿನ ಸದ್ದಿಗೆ ಬರ್ಲಿನ್ ಗೋಡೆ ಬಿತ್ತೆಂದು ನಾವು ಹೇಳುತ್ತಿಲ್ಲ. ಅದನ್ನು ಬೀಳಿಸಿದವರು ಬೀದಿಗಿಳಿದ ಜನ. ಆದರೆ ಗೋಡೆಯ ಆಚೆಗೂ ನಮ್ಮಂಥವರೇ ಇದ್ದಾರೆಂದು ತಿಳಿಯುವುದೂ ಒಂದು ಲಾಭವೇ.

ಆ ಯಾತ್ರೆ ಮುಗಿದದ್ದು 1985ರ ಜುಲೈ 5ರಂದು, ಕ್ಯಾಲಿಫೋರ್ನಿಯಾದಲ್ಲಿ. 331 ದಿನ, 180ಕ್ಕೂ ಹೆಚ್ಚು ಕಛೇರಿ. ಕೊನೆಕೊನೆಗೆ ಎಲ್ಲರೂ ಬಸವಳಿದು ಹೋಗಿದ್ದರು. ಗುಲಾಮಗಿರಿಯ ಹೆಸರು ಹೊತ್ತ ಯಾತ್ರೆಯಲ್ಲಿ ಗಾಣಕ್ಕೆ ಬಿದ್ದವರು ಕಲಾವಿದರೇ. ವಿಶ್ವಯಾತ್ರೆ ಎಂಬುದು ಪ್ರೀತಿಯ ಮಾತ್ರವಲ್ಲ, ಮಾರುಕಟ್ಟೆಯ ಲೆಕ್ಕಾಚಾರವೂ ಹೌದು ಎಂಬುದನ್ನು ಮರೆಯಬಾರದು.

ಚಿಲಿ ದೇಶದ ಕತೆ ಇನ್ನೊಂದು ಬಗೆಯದು. 1990ರಲ್ಲಿ ಪಿನೋಚೆ ಎಂಬ ಸರ್ವಾಧಿಕಾರಿಯ ಆಳ್ವಿಕೆ ಮುಗಿದು ಅಲ್ಲಿ ಪ್ರಜಾಪ್ರಭುತ್ವ ಮರಳಿತ್ತು. ಆದರೂ 1992ರಲ್ಲಿ ಐರನ್ ಮೇಡನ್ ಸಾಂಟಿಯಾಗೊಗೆ ಬರಲಾಗಲಿಲ್ಲ. ಇದು ಸೈತಾನನ ಸಂಗೀತವೆಂದು ಕ್ಯಾಥೊಲಿಕ್ ಚರ್ಚು ಹೇರಿದ ಒತ್ತಡಕ್ಕೆ ಕಛೇರಿ ರದ್ದಾಯಿತು. 2011ರ ಏಪ್ರಿಲ್ 10ರಂದು ಅದೇ ಊರಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಅದೇ ತಂಡ ಸುಮಾರು 50,000 ಜನರ ಮುಂದೆ ಹಾಡಿತು. ಇದು 1973ರ ಸೈನಿಕ ದಂಗೆಯ ಬಳಿಕ ಸಾವಿರಾರು ಮಂದಿಯನ್ನು ಕೂಡಿಹಾಕಿ ಹಿಂಸಿಸಿದ ಕ್ರೀಡಾಂಗಣ. ಸೈತಾನ ಆ ಮೈದಾನಕ್ಕೆ ಬಂದದ್ದು ನಿಜವಾಗಿ ಯಾವ ವರ್ಷ, ಯಾರ ವೇಷದಲ್ಲಿ? ಓದುಗರೇ ಹೇಳಲಿ.

ಮುಸ್ಲಿಂ ದೇಶಗಳಲ್ಲೂ ಈ ಭಯ ಹೊಸದೇನಲ್ಲ. 1997ರಲ್ಲಿ ಈಜಿಪ್ಟಿನಲ್ಲಿ ಇಂಥ ಸಂಗೀತ ಕೇಳುತ್ತಿದ್ದ ಹತ್ತಾರು ಹುಡುಗ ಹುಡುಗಿಯರನ್ನು ಸೈತಾನ ಪೂಜೆಯ ಆರೋಪದಲ್ಲಿ ಬಂಧಿಸಲಾಯಿತು. 2003ರಲ್ಲಿ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ 14 ಯುವಕರಿಗೆ ಶಿಕ್ಷೆಯಾಯಿತು. ಅವರ ಕಪ್ಪು ಅಂಗಿಗಳೂ ಸಾಕ್ಷ್ಯಗಳಾಗಿದ್ದವು. ಮೇಲ್ಮನವಿಯಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಇದನ್ನೆಲ್ಲ ಓದುವಾಗ ನಮಗೆ ಹಜರತ್ ನಿಜಾಮುದ್ದೀನ್ ಔಲಿಯಾ ನೆನಪಾಗುತ್ತಾರೆ. 14ನೇ ಶತಮಾನದಲ್ಲಿ ಅವರ ಸಮಾ ಗೋಷ್ಠಿಯ ಕುರಿತೂ ಸುಲ್ತಾನ್ ಘಿಯಾಸುದ್ದೀನ್ ತುಘಲಕನ ಮುಂದೆ ಉಲಮಾಗಳ ವಿಚಾರಣೆ ನಡೆದಿತ್ತು. ಸೂಫಿ ಸಮಾ ಮತ್ತು ಹೆವಿ ಮೆಟಲ್ ಒಂದೇ ಎಂದು ಇದರರ್ಥವಲ್ಲ. ಕೇಳುವ ಮೊದಲೇ ತೀರ್ಪು ಬರೆದಿಡುವ ಅಭ್ಯಾಸ ಹಳೆಯದು ಎಂಬುದಷ್ಟೇ ನಮ್ಮ ಮಾತು.

ಹೀಗಿದ್ದರೂ ದಾರಿ ತೆರೆಯುತ್ತಲೇ ಹೋಯಿತು. 2007ರ ಮಾರ್ಚ್ 9ರಂದು ತಂಡ ದುಬೈಯಲ್ಲಿತ್ತು. ಎಂಟು ದಿನಗಳ ಬಳಿಕ, ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಭಾರತದಲ್ಲಿ ಅದು ಅವರ ಮೊದಲ ಕಛೇರಿ. ಈಶಾನ್ಯ ರಾಜ್ಯಗಳಿಂದ ದಿನಗಟ್ಟಲೆ ರೈಲಿನಲ್ಲಿ ಕುಳಿತು ಬಂದವರಿದ್ದರು. ದೆಹಲಿಯ ಪರಿಕ್ರಮ ತಂಡ ಅದೇ ವೇದಿಕೆಯಲ್ಲಿ ನುಡಿಸಿತು. ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವಕ್ಕೂ ಹೋಯಿತು. ಬೆಂಗಳೂರಿಗೆ ಈ ಸಂಗೀತ ಆ ಸಂಜೆಯೇ ಬಂದದ್ದೇನಲ್ಲ; ಇಲ್ಲಿಯದೇ ಆದ ಕ್ರಿಪ್ಟೋಸ್ ತಂಡ 1998ರಲ್ಲೇ ಹುಟ್ಟಿತ್ತು. ಅಂದು ಐರನ್ ಮೇಡನ್ ತಂದಿದ್ದ ಹೊಸ ಹಾಡುಗಳಲ್ಲಿ ಹೆಚ್ಚಿನವು ಯುದ್ಧ ಮತ್ತು ಸಾವಿನವು. ಇರಾಕ್ ಹೊತ್ತಿ ಉರಿಯುತ್ತಿದ್ದ ದಿನಗಳವು.

2008ರಲ್ಲಿ ಇನ್ನೊಂದು ಸೋಜಿಗ ನಡೆಯಿತು. ವಿಮಾನ ಚಾಲಕನೂ ಆಗಿದ್ದ ಗಾಯಕ ಡಿಕಿನ್‌ಸನ್ ಬೋಯಿಂಗ್ 757 ವಿಮಾನವೊಂದನ್ನು ತಾನೇ ಹಾರಿಸಿಕೊಂಡು, ತಂಡವನ್ನೂ ಸಾಮಾನುಗಳನ್ನೂ ಹೊತ್ತು ಹೊರಟ. ಫೆಬ್ರವರಿ 1ರಂದು ಮುಂಬೈಯಿಂದ ತೊಡಗಿ 45 ದಿನಗಳಲ್ಲಿ 23 ಕಛೇರಿ. ಹಡಗಿನಲ್ಲಿ ಸಾಮಾನು ಸಾಗಿಸುವ ಕಾಲದಲ್ಲಿ ಲೆಕ್ಕಕ್ಕೆ ಸಿಗದಿದ್ದ ಕೊಲಂಬಿಯಾ, ಕೋಸ್ಟಾರಿಕಾಗಳಂಥ ದೇಶಗಳೂ ಈಗ ದಾರಿಯಲ್ಲಿ ಬಂದವು. 2009ರಲ್ಲಿ ಮತ್ತೆ ಬೆಂಗಳೂರು. 2011ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾದ ರಾಜಧಾನಿ ಜಕಾರ್ತಾ.

ಈಗ ತಂಡಕ್ಕೂ ವಯಸ್ಸಾಗಿದೆ. ಡಿಕಿನ್‌ಸನ್ 2015ರಲ್ಲಿ ಕ್ಯಾನ್ಸರಿನಿಂದ ಪಾರಾದ. ಪಾರ್ಶ್ವವಾಯು ಬಡಿದ ಮೇಲೂ ನುಡಿಸುತ್ತಿದ್ದ ಡ್ರಮ್ ವಾದಕ ನಿಕೊ ಮೆಕ್‌ಬ್ರೇನ್ 2024ರ ಡಿಸೆಂಬರಿನಲ್ಲಿ ಯಾತ್ರೆಗಳಿಗೆ ವಿದಾಯ ಹೇಳಿದ. ತಂಡಕ್ಕೆ 50 ತುಂಬುವ ಸಂಭ್ರಮದ ಯಾತ್ರೆ 2025ರ ಮೇ 27ರಂದು ಬುಡಾಪೆಸ್ಟಿನಲ್ಲಿ ಶುರುವಾಯಿತು. 1984ರಲ್ಲಿ ಕಬ್ಬಿಣದ ತೆರೆಯ ಹಿಂದಿದ್ದ ಅದೇ ಬುಡಾಪೆಸ್ಟ್.

ಅಂದು ಅಲ್ಲಿ 20ರ ಹರೆಯದವನಾಗಿದ್ದವನಿಗೆ 2025ರಲ್ಲಿ 61. ಅವನನ್ನು ಕಾಯುತ್ತಿದ್ದ ಸರ್ಕಾರ ಇಲ್ಲ, ತೆರೆಯೂ ಇಲ್ಲ. ಹಾಡು ಕೇಳಿ ಅವನು ಕೆಡಲಿಲ್ಲ. ಎಲ್ಲರಂತೆ ದುಡಿದ, ಸಂಸಾರ ಮಾಡಿದ, ಮುದುಕನಾದ. ನಮ್ಮ ಮಕ್ಕಳ ಕಿವಿಯೊಳಗಿನ ಗದ್ದಲ ನಮಗೆ ಹಿಡಿಸದಿರಬಹುದು, ಅದಕ್ಕೆ ನಮಗೆ ಹಕ್ಕಿದೆ. ಆದರೆ ಫತ್ವಾ ಹೊರಡಿಸುವ ಮುನ್ನ ಅವರ ಪಕ್ಕದಲ್ಲಿ ಕುಳಿತು, ಅದರಲ್ಲಿ ಏನು ಹೇಳುತ್ತಿದ್ದಾರೆ ಮಗಾ ಎಂದು ಕೇಳಲು ಖರ್ಚೇನೂ ಇಲ್ಲವಲ್ಲ.